ಮೈದನಹಳ್ಳಿ ಹಕ್ಕಿ ಟ್ರಿಪ್: ದುಡ್ಡಿಗೆ ಮೋಸ ಇಲ್ಲ, ಇಡ್ಲಿಗೆ ಇದೆ

ಜನವರೀಲಿ ಒಂದು ಭಾನುವಾರ ತುಮಕೂರಿಂದ ಕರ್ಕೊಂಡು ಹೋಗೋ ಟೀಮ್ ಜೊತೆ ಮಧುಗಿರಿ ತಾಲೂಕಿನ ಮೈದನಹಳ್ಳಿಗೆ, ಅದೇ ಜಯಮಂಗಲಿ ಕೃಷ್ಣಮೃಗ ಕಾಡಿಗೆ, ನಾನು ನನ್ ಮಗ ಹೋಗ್ಬಂದ್ವಿ. ತಲೆಗೆ 1,200.

ಪೋಸ್ಟರಲ್ಲಿ "ವಲಸೆ ಬೇಟೆ ಹಕ್ಕಿ ಹಿಡಿದು ಸ್ಟಡಿ ಮಾಡೋದು ಹೇಗೆ" ಅಂತ ಹಾಕಿದ್ರು, ಮಗ ಹಕ್ಕೀನ ಕೈಯಲ್ಲೇ ಹಿಡ್ಕೋಬೋದು ಅಂತ ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ. ಅದೆಲ್ಲ ಆಗಲ್ಲ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಪರ್ಮಿಷನ್ ಇಲ್ದೆ ಯಾರೂ ಹಿಡಿಯಂಗಿಲ್ಲ, ಪೋಸ್ಟರಲ್ಲೇ ಇದನ್ನ ಹೇಳ್ಬಿಟ್ಟಿದ್ರೆ ಮಗು ಮುಖ ಸಪ್ಪಗಾಗ್ತಿರ್ಲಿಲ್ಲ.

ಆದ್ರೆ ಗೈಡ್ ಹುಡುಗ ಸೂಪರ್. ಬೇಟೆ ಹಕ್ಕಿ ಹಿಡಿಯೋ ಬಲೆ, ಬಾಲ್ ಛತ್ರಿ ಅಂತಾರೆ, ಅದನ್ನ ಖಾಲಿ ತಂದಿದ್ದ. ಬಾಲ್ ಅಂದ್ರೆ ಹಿಂದೀಲಿ ಕೂದಲು, ನಮ್ ದೇಶದ ಹಳೇ ಬೇಟೆಗಾರ್ರದ್ದೇ ಐಡಿಯಾ ಇದು, ಬೋರಲು ಹಾಕಿರೋ ಪುಟ್ಟ ಮಂಕರಿ ಥರ ತಂತಿ ಜಾಲರಿ, ಮೇಲೆಲ್ಲಾ ಕುಣಿಕೆ, ಮುಂಚೆ ಕುದುರೆ ಕೂದಲಲ್ಲಿ ಕಟ್ತಿದ್ರಂತೆ ಈಗ ತಂಗೂಸಿ. ಒಳಗೆ ಇಲಿ ಬಿಡ್ತಾರೆ, ಹಕ್ಕಿ ಮೇಲೆ ಎರಗಿದ ತಕ್ಷಣ ಕಾಲ್ಬೆರಳು ಕುಣಿಕೇಲಿ ಸಿಕ್ಕಿ ಹಾಕ್ಕೊಳ್ಳುತ್ತೆ.

"ಇಲಿ ಸಾಯಲ್ವಾ ಅಣ್ಣಾ?"

"ಇಲ್ಲ ಮರಿ, ಜಾಲರಿ ಐತಲ್ಲ, ಉಗುರು ಒಳಕ್ಕೆ ಹೋಗಲ್ಲ."

ಮಗ ಬೆರಳಿಟ್ಟು ಎಳೆದ, ಬಿಗಿದುಕೊಳ್ತು ನೋಡಿ, ಬಿಡಿಸೋಕೆ ಎರಡು ನಿಮಿಷ! ಇದಕ್ಕೇ ಬಲೆ ಹಾಕಿ ಟೀ ಕುಡಿಯೋಕೆ ಹೋಗಂಗಿಲ್ಲ, ದೂರದಲ್ಲಿ ಕಾದು, ಹಕ್ಕಿ ಸಿಕ್ಕಿದ ಕೂಡ್ಲೇ ಓಡ್ಬೇಕು ಅಂದ ಗೈಡ್. ಹಕ್ಕಿ ಕಣ್ಣನ್ನ ನಾವು ಮುಚ್ಚಿದ್ರೆ ಅದು ಗಲಾಟೆ ಬಿಟ್ಟು ಸುಮ್ಮನಾಗುತ್ತಂತೆ, ಆಮೇಲೆ ತೂಕ, ರೆಕ್ಕೆ ಅಳತೆ, ಕಾಲಿಗೆ ಉಂಗುರ, ಬಿಟ್ಬಿಡೋದು. 2013ರಲ್ಲಿ ನಾಗಾಲ್ಯಾಂಡಲ್ಲಿ ಅಮುರ್ ಫಾಲ್ಕನ್ ಅನ್ನೋ ವಲಸೆ ಬೇಟೆ ಹಕ್ಕಿಗಳಿಗೆ, ಎಲ್ಲಿವೆ ಅಂತ ತಿಳಿಸೋ 5 ಗ್ರಾಂ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟಿದ್ರು, ಒಂದು ಹಿಡಿ ಅಕ್ಕಿಯಷ್ಟೂ ತೂಕ ಇಲ್ಲದ ಅದನ್ನ ಹೊತ್ಕೊಂಡು ಅರಬ್ಬೀ ಸಮುದ್ರ ದಾಟಿ ಆಫ್ರಿಕಾಗೆ ಹೋದ್ವು, ಕೇಳಿ ನಂಗೇ ಮೈ ಜುಂ ಅಂತು.

ಸಂಜೆ ವಾಚ್ ಟವರ್ ಮೇಲಿಂದ ಸೆಳೆವ ಸಿಕ್ತು, ಹ್ಯಾರಿಯರ್ ಅಂತಾರಲ್ಲ ಆ ಬೇಟೆ ಹಕ್ಕಿ, ಮಧ್ಯ ಏಷ್ಯಾ ಕಡೆಯಿಂದ ಬರೋದು. ಒಂದು ಬೂದು ಗಂಡು ಹುಲ್ಲಿನ ತುದಿ ತಾಕೋ ಹಾಗೆ ತೇಲ್ಕೊಂಡು ಬಂದು ಗಕ್ಕಂತ ತಿರುಗಿ ಹುಲ್ಲೊಳಗೆ ಇಳೀತು, ರಾತ್ರಿ ಮಲಗೋದೂ ನೆಲದ ಮೇಲೇನೇ.

ಬೈನಾಕ್ಯುಲರ್ ಹನ್ನೆರಡು ಜನಕ್ಕೆ ಮೂರು, ನಮ್ ಸರದಿ ಬರೋಷ್ಟರಲ್ಲಿ ಹಕ್ಕಿ ಹೋಗಿರುತ್ತೆ, ನಿಮ್ದೇ ತಗೊಂಡು ಹೋಗಿ. ಹೋಗೋದಾದ್ರೆ ಮಾರ್ಚ್ ಒಳಗೆ ಹೋಗಿ, ಆಮೇಲೆ ಅವು ವಾಪಸ್ ಹೊರಡ್ತವೆ. ಇನ್ನು ಕ್ಯಾತ್ಸಂದ್ರದವನಿಗೆ ತಣ್ಣಗಾಗಿರೋ ತಟ್ಟೆ ಇಡ್ಲಿ ಕೊಟ್ಟಿದ್ದಕ್ಕೆ ಒಂದು ಸ್ಟಾರ್ ಕಟ್. ನಾಲ್ಕು.