ಕೊನೆಯ ದಿನ ಕೈಕೊಟ್ಟ ನೋಂದಣಿ ಸೈಟ್

ಎರಡು ಸ್ಟಾರ್, ಅದೂ ಫೋನ್ ಎತ್ತಿ ಸಮಾಧಾನವಾಗಿ ಮಾತಾಡಿದ ಹುಡುಗಿಗೆ. ಬೆಂಗಳೂರಿನ ಸಾಫ್ಟ್‌ವೇರ್ ಸಮ್ಮೇಳನವೊಂದಕ್ಕೆ ರಿಯಾಯಿತಿ ದರದ ಕೊನೆಯ ಸಂಜೆ ಫಾರ್ಮ್ ಎಲ್ಲಾ ತುಂಬಿ, ಯುಪಿಐ ಪಿನ್ ಒತ್ತಿ, ಖಾತೆಯಿಂದ ದುಡ್ಡು ಹೋದ ಮೇಲೆ ಪರದೆ ಮೇಲೆ ಬಂದದ್ದು ‘504 ಗೇಟ್‌ವೇ ಟೈಮ್‌ಔಟ್’. ಅಂದರೆ ಸರ್ವರ್ ಸಮಯಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ ಅಂತ. ರಸೀದಿ ಇಲ್ಲ, ಇಮೇಲ್ ಇಲ್ಲ. ಕೊನೆ ದಿನ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ ಅಂತ ಇವರಿಗೇ ಗೊತ್ತಿರಬೇಕಿತ್ತು, ಅಲ್ವಾ? ಬೆಳಿಗ್ಗೆ ಸೈಟ್ ಎದ್ದಾಗ ದರ ಜಾಸ್ತಿಯಾಗಿತ್ತು! ಗಡುವು ಒಂದು ದಿನ ಮುಂದೆ ಹಾಕಲು ಏನು ಕಷ್ಟ? ಅಂದಹಾಗೆ, ಇಂಥ ಪಾವತಿ ಮಾರುವವರಿಗೆ ತಲುಪದಿದ್ದರೆ 5 ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮವೇ ಇದೆ. ದುಡ್ಡೇನೋ ಬಂತು. ಹಳೇ ದರ ಕೊಡುತ್ತೀರಾ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರವಿಲ್ಲ.