ಹತ್ತು ಮೀಟರಿಗೆ ಯಾವ ಪೆಲೆಟ್? ತೂಗಿದ್ದು, ಉರುಳಿಸಿದ್ದು, ದುಡ್ಡು ಸುರಿದು ತಂದದ್ದು

ದೊಡ್ಡಪ್ಪನ ಮಗ ಟೆಕ್ಸಾಸ್ ಸೇರಿ ಇಪ್ಪತ್ತು ವರ್ಷ ಆಯ್ತು. ಅವನ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲ. ಹಾರಿಸಿದ ತೋಟಾಗಳನ್ನು ತೊಳೆದು, ಮದ್ದು ತುಂಬಿ, ಹೊಸ ಗುಂಡು ಕೂರಿಸಿ, 1000 ಗಜದಾಚೆಯ ಗುರಿಗೆ ಹೊಡೆಯುವುದು ಅವನ ಹುಚ್ಚು. ವಿಡಿಯೋ ಕಾಲ್‌ನಲ್ಲಿ ಮಕ್ಕಳ ಮುಖಕ್ಕಿಂತ ತಕ್ಕಡಿಯನ್ನೇ ಜಾಸ್ತಿ ತೋರಿಸುತ್ತಾನೆ. "ಅಂಗಡಿ ತೋಟಾ ನಂಬಬೇಡ ಕಣೋ. ಕೈಯಾರೆ ತೂಗಿದ್ದೇ ಗುರಿಗೆ ಬೀಳೋದು" ಅನ್ನುವುದು ಅವನ ಮಂತ್ರ.

ಇಲ್ಲಿ ಆ ಆಟ ನಡೆಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ. ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಮ್ಯಾಚ್ (ಅಂದರೆ ಪಂದ್ಯದ) ಏರ್ ರೈಫಲ್, 4.5 ಮಿ.ಮೀ. ಮದ್ದಿಲ್ಲ, ತೋಟಾ ಇಲ್ಲ. ಗಾಳಿ ಮತ್ತು ಪೆಲೆಟ್ ಅನ್ನುವ ಅರ್ಧ ಗ್ರಾಂ ಸೀಸದ ಗುಂಡು, ಅಷ್ಟೆ. ಆದರೂ ಅಣ್ಣನ ಮಾತು ತಲೆಯೊಳಗೆ ಕೂತಿತ್ತು. ಮಗಳು ಪಿಯುಸಿಗೆ ಬಂದ ಮೇಲೆ 10 ಮೀಟರ್ ಪಂದ್ಯಗಳಿಗೆ ಹೋಗತೊಡಗಿದಳು. "ಅಪ್ಪ, ಒಳ್ಳೆ ಪೆಲೆಟ್ ಕೊಡಿಸು" ಅಂದಳು. ಮ್ಯಾಚ್ ಪೆಲೆಟ್‌ನ ಒಂದು ಡಬ್ಬಿ ದುಡ್ಡಿಗೆ ಅಭ್ಯಾಸದ ಪೆಲೆಟ್ ಮೂರು ಡಬ್ಬಿ ಬರುತ್ತದೆ. ಸಾಧಾರಣ ಪೆಲೆಟ್ಟನ್ನೇ ಆರಿಸಿ, ತೂಗಿ, ಮ್ಯಾಚ್ ಪೆಲೆಟ್ ಸಮಕ್ಕೆ ತರಬಹುದಾ? ಎರಡು ತಿಂಗಳು ಇದೇ ಕೆಲಸ.

ಹೋಲಿಕೆಗೆ ಇಟ್ಟುಕೊಂಡದ್ದು ಇಷ್ಟು: ಒಂದು ಅಭ್ಯಾಸದ ಪೆಲೆಟ್, ಅದೂ ಮೂರು ಥರ. ಡಬ್ಬಿಯಿಂದ ತೆಗೆದ ಹಾಗೇ, ತೂಗಿ ವಿಂಗಡಿಸಿ, ಆಕಾರ ನೋಡಿ ವಿಂಗಡಿಸಿ. ಅದರ ಎದುರಿಗೆ ಒಂದೇ ಕಂಪನಿಯ ಮ್ಯಾಚ್ ಪೆಲೆಟ್, ತಲೆಯ ಅಳತೆ 4.49, 4.50, 4.51. ಜರ್ಮನಿಯ ಆರ್‌ಡಬ್ಲ್ಯುಎಸ್, ಎಚ್ ಅಂಡ್ ಎನ್, ಚೆಕ್ ದೇಶದ ಜೆಎಸ್‌ಬಿ ಇವೆಲ್ಲ ಶೂಟರ್‌ಗಳಿಗೆ ಗೊತ್ತಿರುವ ಹೆಸರುಗಳೇ. ನಾನು ಹೊಡೆದದ್ದು ಯಾವುದು ಅಂತ ಹೇಳಲ್ಲ. ಅದೇ ಕಂಪನಿಯ ಮುಂದಿನ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಬೇರೆಯೇ ಫಲ ಕೊಡಬಹುದು. ಅದೇ ಡಬ್ಬಿ ಬೇರೆ ರೈಫಲ್‌ನಲ್ಲೂ ಬೇರೆ ಫಲ ಕೊಡಬಹುದು, ಅದು ಕೊನೆಗೆ ತಿಳಿಯುತ್ತದೆ.

ನಮ್ಮದು ಮೈಸೂರು ಒಂಟಿಕೊಪ್ಪಲಿನ ಹಳೇ ಮನೆ. ಮುಂಬಾಗಿಲಿನಿಂದ ನಡುಮನೆ ದಾಟಿ ಹಿತ್ತಲ ಬಾಗಿಲಿನವರೆಗೆ ಹನ್ನೊಂದು ಮೀಟರ್‌ಗೂ ಚೂರು ಜಾಸ್ತಿ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಅದರ ಮುಂದೆ ದಪ್ಪ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆ ಮುಂದೆ ಗುರಿಯ ಕಾರ್ಡ್. ರೈಫಲ್ ಕೂರಿಸಲು ಮರಳು ಚೀಲ ಮಾಡಿದ್ದೆ, ಮರಳು ಸೋರಿ ನೆಲವೆಲ್ಲ ಗರಗರ. ಕೊನೆಗೆ ಹಳೇ ಜೀನ್ಸ್ ಕಾಲಿಗೆ ರಾಗಿ ತುಂಬಿ ಹೊಲಿದೆ. ರಾಗಿಯಂಥ ವಸ್ತು ಇನ್ನೊಂದಿಲ್ಲ. ಕಾಳು ಸಣ್ಣದು, ನುಣುಪು, ರೈಫಲ್ ಇಟ್ಟರೆ ಅದೇ ಆಕಾರಕ್ಕೆ ಕೂತು ಅಲ್ಲೇ ನಿಲ್ಲುತ್ತದೆ. "ಮುದ್ದೆ ಮಾಡೋ ರಾಗೀನ ಬಂದೂಕಿನ ದಿಂಬು ಮಾಡ್ದಲ್ಲೋ" ಅಂತ ಅಮ್ಮ ಇವತ್ತಿಗೂ ಹೇಳ್ತಾರೆ.

ಅಳತೆ ಹೇಗೆ ಅಂದರೆ, ಒಂದು ಕಾರ್ಡಿಗೆ ಹತ್ತು ಗುಂಡು, ಎಲ್ಲ ಒಂದೇ ತೂತಿಗೆ. ಆ ಹರಿದ ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು, ಬಂದದ್ದರಲ್ಲಿ ಪೆಲೆಟ್‌ನ 4.5 ಕಳೆಯುವುದು. ಪ್ರತಿ ಥರಕ್ಕೆ ಮೂರು ಕಾರ್ಡ್, ಮೂರರ ಸರಾಸರಿ. ಪೆಲೆಟ್ ಬದಲಿಸಿದಾಗಲೆಲ್ಲ ಮೊದಲ ಇಪ್ಪತ್ತು ಲೆಕ್ಕಕ್ಕಿಲ್ಲ; ಬ್ಯಾರೆಲ್ ಒಳಗೆ ಹೊಸ ಸೀಸ ಹಿಡಿದು ಹದಕ್ಕೆ ಬರಲು ಅಷ್ಟು ಬೇಕು. ಪಂದ್ಯದ ಕಾರ್ಡಿನ ನಡುವೆ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿ.ಮೀ. ಪೆಲೆಟ್ ಅಂಚು ಅದಕ್ಕೆ ತಾಗಿದರೂ 10.0 ಸಿಗುತ್ತದೆ, ಹಾಗಾಗಿ ಪೆಲೆಟ್ ನಡುಬಿಂದುವಿಗೆ 5 ಮಿ.ಮೀ. ಅಗಲದ ಜಾಗವಿದೆ. 5ಕ್ಕಿಂತ ಕಡಿಮೆ ಬಂದರೆ ಪೆಲೆಟ್ ಮರ್ಯಾದಸ್ಥ. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿ.ಮೀ.ಗೆ 0.1 ಅಂಕ, 10.9ರ ತನಕ. ಬೀಜಿಂಗ್‌ನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನಕ್ಕೆ ಹೊಡೆದ ಕೊನೇ ಗುಂಡು 10.8.

ಮೊದಲ ವಾರದ ಕಾರ್ಡುಗಳನ್ನೆಲ್ಲ ಒಲೆಗೆ ಹಾಕಬೇಕಾಯಿತು. ಯಾವ ಪೆಲೆಟ್ ಹೊಡೆದರೂ ತೂತು ಮೇಲಿಂದ ಕೆಳಕ್ಕೆ ಉದ್ದುದ್ದ. 4.51ಅನ್ನು ಬಾಯಿಗೆ ಬಂದಂತೆ ಬೈದೆ, ಅಭ್ಯಾಸದ ಡಬ್ಬಿಯನ್ನೂ ಬೈದೆ. ಒಂಬತ್ತನೇ ದಿನ ಮಗಳು ರೈಫಲ್ ಎತ್ತಿ, "ಅಪ್ಪ, ಇದು ಲಟಕ್ ಲಟಕ್ ಅಂತಿದೆ" ಅಂದಳು. ಮರದ ಕಟ್ಟಿಗೂ ಲೋಹದ ಭಾಗಕ್ಕೂ ಇರುವ ಸ್ಕ್ರೂ ಅರ್ಧ ಸುತ್ತು ಸಡಿಲ. ಬಿಗಿ ಮಾಡಿ ಮೊದಲಿಂದ ಶುರು. ಪೆಲೆಟ್ ಪರೀಕ್ಷೆ ಮಾಡುವವರು ಎಲ್ಲಕ್ಕೂ ಮುಂಚೆ ಸ್ಕ್ರೂ ಮುಟ್ಟಿ ನೋಡಿ.

ಸರಿ, ಅಭ್ಯಾಸದ ಪೆಲೆಟ್ ಡಬ್ಬಿಯಿಂದ ತೆಗೆದ ಹಾಗೇ ಹೊಡೆದಾಗ 6.0 ಮಿ.ಮೀ. ಬಂತು. ಹತ್ತರಲ್ಲಿ ಒಂದೋ ಎರಡೋ ಗುಂಪು ಬಿಟ್ಟು ಓಡುತ್ತಿದ್ದವು.

ಆಮೇಲೆ ತೂಗುವ ಕೆಲಸ. ಅಶೋಕ ರಸ್ತೆಯಲ್ಲಿ ಚಿನ್ನದ ಕೆಲಸ ಮಾಡುವ ಪರಿಚಯದವರಿಂದ ಒಂದು ಮಿಲಿಗ್ರಾಂ ತೋರಿಸುವ ತಕ್ಕಡಿ ತಂದೆ. ಅವರಿಗೆ ನಗು. "ಗುಲಗಂಜಿ ಕಾಲ ಹೋಯ್ತು, ಈಗ ಸೀಸ ತೂಗೋ ಕಾಲ ಬಂತಾ ಸ್ವಾಮಿ?" ಫ್ಯಾನ್ ಆಫ್ ಮಾಡಬೇಕು, ಇಲ್ಲದಿದ್ದರೆ ಕೊನೇ ಅಂಕಿ ಕುಣಿಯುತ್ತದೆ. ಚಿಮ್ಮಟದಲ್ಲಿ ಒಂದೊಂದೇ ಎತ್ತಿ, ಇಟ್ಟು, ಅಂಕಿ ನಿಲ್ಲುವ ತನಕ ಕಾದು, ಹಳೇ ಒಗ್ಗರಣೆ ಡಬ್ಬಿಯ ಏಳು ಬಟ್ಟಲುಗಳಿಗೆ ಹಾಕುವುದು. (ಆ ಡಬ್ಬಿ ಇನ್ನು ಅಡುಗೆಮನೆಗೆ ವಾಪಸ್ ಹೋಗಲ್ಲ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರುವ ಹಾಗೂ ಇಲ್ಲ.) 500 ಪೆಲೆಟ್‌ಗೆ ಎರಡು ಸಂಜೆ. ತೀರಾ ಹಗುರದ್ದು 0.512 ಗ್ರಾಂ, ತೀರಾ ಭಾರದ್ದು 0.546. ಹೆಚ್ಚಿನವು 0.53ರ ಆಚೀಚೆ. ನಡುವಿನ ಬಟ್ಟಲಿನವನ್ನು ಹಬ್ಬದ ಸಡಗರದಲ್ಲಿ ಹೊಡೆದೆ. ಬಂದದ್ದು 5.6.

ಬರೀ 0.4 ಮಿ.ಮೀ. ಎರಡು ಸಂಜೆ, ಕತ್ತು ನೋವು, ಅದಕ್ಕೆ 0.4!

ಅಣ್ಣನಿಗೆ ಫೋನ್ ಮಾಡಿದೆ. ಇನ್ನೂ ನಯವಾಗಿ ತೂಗು ಅಂದ. ಆಮೇಲೆ ಪೇಪರ್ ಪೆನ್ನು ಹಿಡಿದು ಕೂತಾಗ ಗೊತ್ತಾಯಿತು. ನನ್ನ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಡುತ್ತದೆ, ಹತ್ತು ಮೀಟರ್ ಮುಟ್ಟಲು ಸೆಕೆಂಡಿನ ನೂರರಲ್ಲಿ ಆರು ಭಾಗ. ಅಷ್ಟರಲ್ಲಿ ಅದು ಕೆಳಗೆ ಬೀಳುವುದೇ ಒಟ್ಟು 18 ಮಿ.ಮೀ.ಯಷ್ಟು. ತೂಕ ಶೇ 3 ಏರುಪೇರಾದರೆ ವೇಗ ಸುಮಾರು ಶೇ 1.5 ಏರುಪೇರು, ಬೀಳುವುದರಲ್ಲಿ ಅರ್ಧ ಮಿ.ಮೀ. ವ್ಯತ್ಯಾಸ. ಇರುವುದೇ ಅರ್ಧ, ನಾನು ಎಷ್ಟು ತೂಗಿದರೂ ಅದಕ್ಕಿಂತ ಉಳಿಸಲು ಏನಿದೆ? ಅಣ್ಣನ ಗುಂಡು 1000 ಗಜಕ್ಕೆ ಒಂದೂವರೆ ಸೆಕೆಂಡು ಗಾಳಿಯಲ್ಲಿರುತ್ತದೆ, ಮೀಟರ್‌ಗಟ್ಟಲೆ ಇಳಿಯುತ್ತದೆ. ಅಲ್ಲಿ ವೇಗ ಶೇ 1 ತಪ್ಪಿದರೆ ಗುರಿಯಲ್ಲಿ ಒಂದು ಗೇಣು ತಪ್ಪುತ್ತದೆ. ಅವನ ತಕ್ಕಡಿ ಅವನಿಗೆ ಸರಿ. ಅವನ ಮಂತ್ರವನ್ನು ನಾನು ಹತ್ತು ಮೀಟರಿಗೆ ಜಪಿಸಿದ್ದೇ ತಪ್ಪು.

ಹಾಗಾದರೆ ಆ ಓಡಿಹೋಗುವ ಗುಂಡುಗಳು ಯಾಕೆ ಓಡುತ್ತವೆ? ಪೆಲೆಟ್ಟನ್ನು ಬೆರಳಲ್ಲಿ ಹಿಡಿದು ನೋಡಿ. ಮುಂದೆ ಚಪ್ಪಟೆ ತಲೆ, ನಡು ಸಣ್ಣ, ಹಿಂದೆ ಟೊಳ್ಳು ಲಂಗ. ತಲೆ ಬ್ಯಾರೆಲ್‌ನ ಗೀರುಗಳಲ್ಲಿ ಕೂತು ದಾರಿ ಹಿಡಿಯುತ್ತದೆ, ಲಂಗ ಗಾಳಿಯ ಒತ್ತಡಕ್ಕೆ ಅರಳಿ ಹಿಂದಿನ ಸಂದು ಮುಚ್ಚುತ್ತದೆ. ಲಂಗದ ಅಂಚು ಸೊಟ್ಟಗಿದ್ದರೆ ಹೊರಬರುವ ಹೊತ್ತಿಗೆ ಒಂದು ಕಡೆಯಿಂದ ಗಾಳಿ ಮೊದಲು ನುಗ್ಗಿ ಪೆಲೆಟ್ಟನ್ನು ತಳ್ಳುತ್ತದೆ. ಸೀಸ ಉಗುರಿಗೂ ಬಗ್ಗುವ ಲೋಹ. ಐನೂರು ಒಂದೇ ಡಬ್ಬಿಯಲ್ಲಿ ಗಡಗಡ ಅಲ್ಲಾಡಿಕೊಂಡು ಸಮುದ್ರ ದಾಟಿ ಬಂದರೆ ಇನ್ನೇನಾದೀತು?

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಕಿಟಕಿಯ ಗಾಜಿನ ತುಂಡನ್ನು ಮೇಜಿನ ಮೇಲಿಟ್ಟು ಒಂದು ಬದಿಗೆ ಪಂಚಾಂಗ ಕೊಟ್ಟು ಎತ್ತರಿಸಿದೆ. ಮೇಲಿಂದ ಪೆಲೆಟ್ಟನ್ನು ಅಡ್ಡ ಮಲಗಿಸಿ ಬಿಡುವುದು. ತಲೆಯೂ ಲಂಗವೂ ಬೇರೆ ಬೇರೆ ಅಗಲ ಇರುವುದರಿಂದ ಅದು ನೆಟ್ಟಗೆ ಉರುಳಲ್ಲ, ಕಮಾನಿನ ಹಾಗೆ ಬಳಸಿ ಬರುತ್ತದೆ. ಒಂದೇ ಅಳತೆಯವು ಕೆಳಗೆ ಒಂದೇ ಜಾಗಕ್ಕೆ ಬಂದು ಸಾಲು ಕಟ್ಟುತ್ತವೆ. ಲಂಗ ಚಪ್ಪಟೆಯಾದದ್ದು ಟಕ ಟಕ ಅಂತ ಕುಂಟಿಕೊಂಡು, ದಾರಿ ತಪ್ಪಿ, ಗಾಜಿನ ಅಂಚಿನಿಂದ ಬೀಳುತ್ತದೆ. ಕಣ್ಣಿಗೆ ಏನೂ ಕಾಣದ ಊನ ಗಾಜಿನ ಮೇಲೆ ಕಿವಿಗೆ ಕೇಳಿಸುತ್ತದೆ. ಐನೂರು ಉರುಳಿಸಲು ಒಂದು ಗಂಟೆ ಸಾಕಾಯಿತು. ಎಪ್ಪತ್ತರಷ್ಟು ತೆಗೆದೆಸೆದೆ. ನಡುವಿನ ಸಾಲಿನವು ಕೊಟ್ಟದ್ದು 4.8. ಮರ್ಯಾದಸ್ಥರ ಸಾಲಿಗೆ ಬಂದವು!

ಈ ಎಪ್ಪತ್ತರಲ್ಲಿ ಹತ್ತನ್ನು ಬೇಕೆಂದೇ ತೂಗಿದೆ. ತೂಕ ಎಲ್ಲ ಸರಿಯಾಗೇ ಇತ್ತು, 0.53.

ಮ್ಯಾಚ್ ಪೆಲೆಟ್‌ಗಳ ಸುದ್ದಿ ಬೇಗ ಮುಗಿಯುತ್ತದೆ. 4.49ಕ್ಕೆ 3.6, 4.50ಕ್ಕೆ 2.9, 4.51ಕ್ಕೆ 4.4. ಕಂಪನಿ ಒಂದೇ, ಬೆಲೆ ಒಂದೇ, ತಲೆಯಲ್ಲಿ ಕೂದಲೆಳೆಯ ಆರೇಳರಲ್ಲೊಂದು ಭಾಗದ ವ್ಯತ್ಯಾಸ. 4.51ಅನ್ನು ಬೆರಳಲ್ಲಿ ಒತ್ತಿ ಕೂರಿಸುವಾಗಲೇ ನನ್ನ ಬ್ಯಾರೆಲ್‌ನಲ್ಲಿ ಬಿಗಿ ಗೊತ್ತಾಗುತ್ತಿತ್ತು, 4.49 ಜಾರಿಕೊಂಡು ಹೋಗುತ್ತಿತ್ತು. 4.50ಅನ್ನೂ ತೂಗಿ ನೋಡಿದೆ, ಉರುಳಿಸಿ ನೋಡಿದೆ. 2.9 ಇದ್ದದ್ದು 2.8 ಆಯಿತು. ಅದು ನನ್ನ ವರ್ನಿಯರ್ ತಪ್ಪೂ ಇರಬಹುದು. ಉರುಳಿಸಿ ಆರಿಸಿದ ಸಾಧಾರಣ ಪೆಲೆಟ್, ಅಳತೆ ತಪ್ಪಿದ ಮ್ಯಾಚ್ ಪೆಲೆಟ್‌ನ ಹತ್ತಿರಕ್ಕೆ ಬಂತು ನೋಡಿ. ಅಳತೆ ಸರಿಯಾದದ್ದರ ಹತ್ತಿರಕ್ಕೆ ಮಾತ್ರ ಬರಲಿಲ್ಲ.

ಇಷ್ಟೆಲ್ಲ ರಾಗಿ ದಿಂಬಿನ ಮೇಲೆ. ಪಂದ್ಯದಲ್ಲಿ ನಿಂತು ಹೊಡೆಯಬೇಕು, ಅಲ್ಲಿ ರಾಗಿ ಇಲ್ಲ. ನಾನು ನಿಂತರೆ ನನ್ನ ಕೈ, ಉಸಿರು, ಐವತ್ತು ಹತ್ತಿರವಾದ ಸೊಂಟ ಸೇರಿ 16 ಮಿ.ಮೀ. ಹರಡುತ್ತವೆ. ಅದಕ್ಕೆ ಪೆಲೆಟ್‌ನ 6 ಸೇರಿದರೆ 22 ಆಗಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ತಪ್ಪುಗಳು ಲಂಬಕೋನ ತ್ರಿಭುಜದ ಎರಡು ಬಾಹುಗಳ ಹಾಗೆ, ಒಟ್ಟು ತಪ್ಪು ಕರ್ಣ. 16ರ ವರ್ಗ, 6ರ ವರ್ಗ ಕೂಡಿ ಮೂಲ ತೆಗೆದರೆ 17.1. ಅದೇ 2.9ರ ಪೆಲೆಟ್ ಹಾಕಿದರೆ 16.3. ಮೂರು ಪಟ್ಟು ದುಡ್ಡು ಕೊಟ್ಟು ನಾನು ಗಳಿಸುವುದು 0.8 ಮಿ.ಮೀ. ನನಗೆ ಉರುಳಿಸಿದ ಪೆಲೆಟ್ ಧಾರಾಳವಾಯಿತು, ಉರುಳಿಸದಿದ್ದರೂ ಯಾರೂ ಅಳಲ್ಲ.

ಮಗಳ ಲೆಕ್ಕ ಬೇರೆ. ಅವಳು ನಿಂತರೆ 9. ಸಾಧಾರಣ ಪೆಲೆಟ್‌ನಲ್ಲಿ ಅದು 10.8 ಆಗುತ್ತದೆ, 4.50ರಲ್ಲಿ 9.5. ನನಗಿಂತ ಅವಳಿಗೇ ಪೆಲೆಟ್‌ನ ಊನ ಜಾಸ್ತಿ ಚುಚ್ಚುತ್ತದೆ, ಕೈ ಗಟ್ಟಿಯಿದ್ದಷ್ಟೂ. ಗುಂಡಿಗೆ 0.1 ಅಂಕ ಉಳಿದರೂ 60 ಗುಂಡಿಗೆ ಆರು ಅಂಕ. ಆರು ಅಂಕ ಅಂದರೆ ಫಲಿತಾಂಶದ ಪಟ್ಟಿಯಲ್ಲಿ ಎಷ್ಟು ಹೆಸರು ಕೆಳಗಾಗುತ್ತವೆ ಅಂತ ಅವಳೇ ನನಗೆ ಫೋನಲ್ಲಿ ತೋರಿಸಿದಳು. ಈಗ ಮನೆಯ ಪದ್ಧತಿ ಹೀಗೆ: ದಿನದ ಅಭ್ಯಾಸಕ್ಕೆ ಉರುಳಿಸಿದ ಸಾಧಾರಣ ಪೆಲೆಟ್, ಪಂದ್ಯಕ್ಕೆ ಎರಡು ವಾರ ಮುಂಚಿನಿಂದ 4.50. ಒಂದೇ ಲಾಟ್ ನಂಬರಿನ ನಾಲ್ಕು ಡಬ್ಬಿ ಒಟ್ಟಿಗೆ ತಂದು ಒಣ ಜಾಗದಲ್ಲಿಟ್ಟಿದ್ದೇವೆ. ಮಳೆಗಾಲದ ತೇವಕ್ಕೆ ಸೀಸದ ಮೇಲೆ ಬೂದಿಯಂಥ ಬಿಳಿ ಪುಡಿ ಕೂರುತ್ತದೆ. ತಕ್ಕಡಿ ಅಶೋಕ ರಸ್ತೆಗೆ ವಾಪಸ್ ಹೋಯಿತು.

ಉಳಿದದ್ದು 4.51ರ ಡಬ್ಬಿ. ನಾನೂರಕ್ಕೂ ಮೇಲೆ ಹಾಗೇ ಇತ್ತು. ಮಂಡ್ಯದಲ್ಲಿ ಒಬ್ಬ ಹಳೇ ಗೆಳೆಯ ಇದ್ದಾನೆ, ಶೂಟಿಂಗ್‌ನಲ್ಲಿ ನನಗಿಂತ ಹಿರಿಯ. ನನ್ನ ರೈಫಲ್‌ದೇ ಕಂಪನಿ, ನನ್ನದೇ ಮಾಡೆಲ್, ನನ್ನದಕ್ಕಿಂತ ಎರಡು ವರ್ಷ ಹೊಸದು. "ನನ್ನ ಬ್ಯಾರೆಲ್‌ಗೆ ಇದು ಆಗಲ್ಲ, ಹಾಳು ಪೆಲೆಟ್, ಬೇಕಾದ್ರೆ ಸುಮ್ನೆ ಹೊಡಿ" ಅಂತ ಕೊಟ್ಟು ಬಂದೆ. ಜೊತೆಗೆ ನನ್ನ 4.50ರಲ್ಲೂ ಒಂದು ಹಿಡಿ ಕೊಟ್ಟಿದ್ದೆ, ಹೋಲಿಸಿ ನೋಡಲಿ ಅಂತ. ಹದಿನೈದು ದಿನಕ್ಕೆ ಎರಡು ಕಾರ್ಡಿನ ಫೋಟೋ ಕಳಿಸಿದ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಅವನ ರೈಫಲ್‌ನಲ್ಲಿ ನನ್ನ ಮುದ್ದಿನ 4.50ಕ್ಕೆ 4.1. ನಾನು ಬೈದು ಎಸೆದ 4.51ಕ್ಕೆ 3.0.

ಡಬ್ಬಿಯಲ್ಲಿ ಇನ್ನೆಷ್ಟು ಉಳಿದಿದೆ ಅಂತ ಕೇಳಿದೆ. "ಕೊಟ್ಮ್ಯಾಕೆ ಮುಗೀತು, ವಾಪಸ್ ಕೇಳ್ಬ್ಯಾಡ ಕಣಪ್ಪ" ಅಂದ.