ದುಡ್ಡು ಕೇಳುವಾಗ ಫೀಸು, ಅವ್ವ ಬಿದ್ದಾಗ ದೇಣಿಗೆ

ಕಲಬುರಗಿಯಲ್ಲಿ ಅಪ್ಪ-ಅವ್ವನಿಗಾಗಿ ವೃದ್ಧಾಶ್ರಮ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೋಣೆ, ಊಟ, ಗಾಳಿ-ಬೆಳಕು ಆಮೇಲೆ ನೋಡಿ. ಮೊದಲು ಅವರು ಕೊಡುವ ರಸೀದಿ ನೋಡಿ.

ನಾನಿರುವುದು ಹೈದರಾಬಾದಿನಲ್ಲಿ. ಶರಣಬಸವೇಶ್ವರ ಗುಡಿ ಇರುವ ಊರು ಬಿಟ್ಟು ಎಲ್ಲಿಗೂ ಬರಲ್ಲ ಅಂತ ಅವ್ವ ಹಟ ಹಿಡಿದಿದ್ದಳು. ಅವಳಿಗೆ ಬಿಪಿ, ಮೊಣಕಾಲು ನೋವು. ರಾತ್ರಿ ಬಚ್ಚಲಿಗೆ ಎದ್ದರೆ ಒಬ್ಬರು ಜೊತೆಗೆ ಬೇಕು. ಇದನ್ನೆಲ್ಲ ಅವಳನ್ನು ಅಲ್ಲಿನ ಆಶ್ರಮಕ್ಕೆ ಸೇರಿಸುವಾಗಲೇ ಹೇಳಿ, ಫಾರ್ಮಿನಲ್ಲಿ ಬರೆಸಿದ್ದೆ. 'ರಾತ್ರಿ ಆಯಾ ಇರ್ತಾಳ್ರಿ, ಚಿಂತಿ ಬಿಡ್ರಿ' ಅಂದರು. ಅದಕ್ಕಂತಲೇ ತಿಂಗಳಿಗೆ ಜಾಸ್ತಿ ದುಡ್ಡು ತಗೊಂಡರು.

ಬಚ್ಚಲಿಗೆ ನುಣ್ಣಗಿನ ಶಹಾಬಾದ್ ಫರಸಿ. ಅದರ ಮೇಲೆ ಸೋಪಿನ ನೀರು. ಗೋಡೆಗೆ ಒಂದು ಹಿಡಿಕೆ ಕೂಡ ಇಲ್ಲ. ಅವ್ವ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು.

ನನಗೆ ಫೋನು ಬಂದದ್ದು ಮರುದಿನ ಮಧ್ಯಾಹ್ನ. ಅದೂ ಹೇಗೆ? 'ಅವ್ವಾರಿಗೆ ಸ್ವಲ್ಪ ಕಾಲು ನೋವದ, ಬಂದು ನೋಡ್ರಿ.' ಬಿದ್ದಳು ಅಂತ ಬಾಯಿಬಿಟ್ಟು ಹೇಳಲೇ ಇಲ್ಲ! ಪಕ್ಕದ ಮಂಚದ ಅಜ್ಜಿ ನನ್ನ ಕೈ ಹಿಡಿದು ಹೇಳಿದರು: 'ರಾತ್ರಿನೇ ಬಿದ್ದಾಳಪ್ಪ. ಒದರಿ ಒದರಿ ಸಾಕಾದ್ಳು. ಯಾರೂ ಬರಲಿಲ್ಲ.' ಆಸ್ಪತ್ರೆಯಲ್ಲಿ ಡಾಕ್ಟರು ಇಷ್ಟು ತಡವಾಗಿ ಯಾಕೆ ತಂದಿರಿ ಅಂತ ನನ್ನನ್ನೇ ಕೇಳಿದರು. ಈ ಮುರಿತಕ್ಕೆ ಎಷ್ಟು ಬೇಗ ಆಪರೇಷನ್ ಆದರೆ ಅಷ್ಟು ಒಳ್ಳೆಯದಂತೆ. ಏನಂತ ಉತ್ತರ ಕೊಡಲಿ?

ಆಶ್ರಮದವರ ಮಾತು ಕೇಳಿ. 'ವಯಸ್ಸಾದವ್ರು ಬೀಳೋದು ಸಹಜ ಅಲ್ರಿ?' ಆಯಾ ಎಲ್ಲಿದ್ದಳು? 'ಅವತ್ತು ರಜಾ ಇದ್ಳು.' ಕ್ಯಾಮೆರಾ? 'ಬಂದ್ ಇತ್ರಿ.' ಆಮೇಲೆ ಫಾರ್ಮ್ ತೆಗೆದು ತೋರಿಸಿದರು. 'ಬಿದ್ದು ಪೆಟ್ಟಾದರೆ ಸಂಸ್ಥೆ ಹೊಣೆಯಲ್ಲ' ಅಂತ ಅದರಲ್ಲಿ ಇದೆಯಂತೆ. ಕೊನೆಗೆ ಮಾಲೀಕರು ನಮ್ಮ ಸೋದರಮಾವನ ಎದುರಿಗೇ ಅಂದರು, 'ಅಷ್ಟು ಕಾಳಜಿ ಇದ್ರ ಮನ್ಯಾಗೇ ಇಟ್ಕೋಬೇಕಿತ್ತಲ್ರಿ?' ನಾಚಿಕೆಗೆ ನನ್ನ ಬಾಯಿ ಕಟ್ಟಿಹೋಯಿತು. ಆ ಮಾತು ಈಗಲೂ ಕಿವಿಯಲ್ಲಿದೆ. ದುಡ್ಡು ತಗೊಳ್ಳುವಾಗ ಈ ಮಾತು ಯಾಕೆ ಬರಲಿಲ್ಲ?

ವಕೀಲರಿಂದ ನೋಟಿಸ್ ಕೊಡಿಸಿದೆ. ಅದಕ್ಕೆ ಬಂದ ಉತ್ತರ ಓದಿ ತಲೆ ಗಿರ್ರೆಂದಿತು. ಅವರು ಫೀಸು ತಗೊಂಡೇ ಇಲ್ಲವಂತೆ. ನಾನು ಕೊಟ್ಟದ್ದು ದೇಣಿಗೆಯಂತೆ. ಅವರದು ಉಚಿತ ಸೇವೆಯಂತೆ! ರಸೀದಿಗಳನ್ನು ತೆಗೆದು ನೋಡಿದೆ. ಒಂದೊಂದರಲ್ಲೂ ಸಣ್ಣ ಅಕ್ಷರದಲ್ಲಿ 'ದೇಣಿಗೆ'. ಸುಮ್ನೆ ಹಾಗೆ ಬರೆದದ್ದಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪೂರ್ತಿ ಉಚಿತವಾದ ಸೇವೆಗೆ ಅನ್ವಯಿಸುವುದಿಲ್ಲ. ಅಂದರೆ ಮೊದಲ ದಿನದಿಂದಲೇ ತಪ್ಪಿಸಿಕೊಳ್ಳುವ ದಾರಿ ಮಾಡಿಟ್ಟಿದ್ದರು. ಇಷ್ಟು ಹೇಳಿದವರೇ, ಅವ್ವ ಆಸ್ಪತ್ರೆಯಲ್ಲಿ ಮಲಗಿದ್ದಾಗ ವಾಟ್ಸಾಪ್ ಕಳಿಸಿದ್ದರು: 'ಸರ್, ಈ ತಿಂಗಳ ಫೀಸ್ ಬಂದಿಲ್ಲ.' ಪ್ರತಿ ತಿಂಗಳೂ ಇಂಥದ್ದೇ ಮೆಸೇಜು. ಈಗ ನಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಅದೇ ಅಂತಾರೆ ವಕೀಲರು.

ಅವರೇ ತಿಳಿಸಿದ್ದು: ಬಿದ್ದರು ಅಂದಮಾತ್ರಕ್ಕೆ ಆಶ್ರಮ ಹೊಣೆಯಾಗುವುದಿಲ್ಲ. ಬೀಳುವ ಅಪಾಯ ಗೊತ್ತಿದ್ದೂ ನೋಡಿಕೊಳ್ಳಲಿಲ್ಲ ಅಂತ ನಾವು ತೋರಿಸಬೇಕು. ನಿರ್ಲಕ್ಷ್ಯದಿಂದ ಪೆಟ್ಟಾದರೆ ಅದು ಸೇವೆಯ ಲೋಪ. ಬೇಕಂತಲೇ ವಿಷಯ ಮುಚ್ಚಿಟ್ಟರೆ ಅದೂ ಲೋಪವೇ. ಕಾಯ್ದೆಯಲ್ಲೇ ಹಾಗಿದೆ. ಹೊಣೆಯಲ್ಲ ಅಂತ ಒಂದು ಸಾಲು ಅಚ್ಚು ಹಾಕಿಸಿಬಿಟ್ಟರೆ ನಿರ್ಲಕ್ಷ್ಯ ಮುಚ್ಚಿಹೋಗುವುದಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಮೊದಲು ವಿಚಾರಿಸಬೇಕೆಂದರೆ ಗ್ರಾಹಕರ ಸಹಾಯವಾಣಿ 1915, ಹಿರಿಯರ ಸಹಾಯವಾಣಿ 14567.

ದೇಣಿಗೆ ಅಂತ ರಸೀದಿ ಕೊಟ್ಟರೆ ಅಲ್ಲೇ ವಾಪಸ್ ಕೊಡಿ. 'ತಿಂಗಳ ಶುಲ್ಕ' ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ರಾತ್ರಿ ಹೊತ್ತು ಹೇಳದೆ ಹೋಗಿ, ಆಯಾ ಇದ್ದಾಳಾ ನೋಡಿ. ಬಚ್ಚಲಿನ ಫೋಟೋ ತೆಗೆದಿಡಿ. ಫೀಸು ಕೇಳಿ ಬಂದ ಒಂದೇ ಒಂದು ಮೆಸೇಜನ್ನೂ ಅಳಿಸಬೇಡಿ.